ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ: ಕನ್ನಡದಲ್ಲಿ ಗಡಿಯ ಪ್ರಶ್ನೆ

ಇಲ್ಲದ್ದನ್ನು ಇದ್ದಂತೆ ಹೇಳುವ ಕಥೆಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ಒಂದರಲ್ಲಿ ಅಚ್ಚರಿ ವಿಜ್ಞಾನದ ಕಡೆಯಿಂದ ಬರುತ್ತದೆ: ಗೊತ್ತಿರುವ ನಿಯಮವೊಂದನ್ನು ಮುಂದಕ್ಕೆ ಎಳೆದರೆ ಏನಾದೀತು ಎಂಬ ಊಹೆಯಿಂದ. ಇದು ವೈಜ್ಞಾನಿಕ ಕಥೆ ಅಥವಾ ವಿಜ್ಞಾನ ಕಥೆ. ಇನ್ನೊಂದರಲ್ಲಿ ಅದು ಮಂತ್ರ, ವರ, ಶಾಪ, ಭೂತ, ಮಾಯೆಗಳ ಕಡೆಯಿಂದ ಬರುತ್ತದೆ. ಇದು ಅದ್ಭುತ ಕಥೆ, ಈಚಿನ ಬಳಕೆಯಲ್ಲಿ ಫ್ಯಾಂಟಸಿ. ವ್ಯಾಖ್ಯೆ ಇಷ್ಟಕ್ಕೇ ಮುಗಿಯುವಂತಿದ್ದರೆ ಲೇಖನವೂ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಹಾರುವ ಯಂತ್ರ ಬಂದ ಮಾತ್ರಕ್ಕೆ ಕಥೆ ವೈಜ್ಞಾನಿಕವಾಗುವುದಿಲ್ಲ, ದೇವರು ಬಂದ ಮಾತ್ರಕ್ಕೆ ಫ್ಯಾಂಟಸಿಯೂ ಆಗುವುದಿಲ್ಲ. ಕನ್ನಡದ ಮುಖ್ಯ ಕೃತಿಗಳನ್ನು ಒಟ್ಟಿಗಿಟ್ಟು ನೋಡಿದರೆ ಗೆರೆ ಬೀಳುವುದು ‘ಹೇಗೆ?’ ಎಂಬ ಪ್ರಶ್ನೆಯ ಮೇಲೆ. ಆ ಪ್ರಶ್ನೆ ಕೇಳಲು ಪಾತ್ರಗಳಿಗೂ ಓದುಗರಿಗೂ ಹಕ್ಕಿದ್ದರೆ ಅದು ವೈಜ್ಞಾನಿಕ ಕಥೆ. ಕೇಳಿದವನು ರಸಭಂಗ ಮಾಡಿದಂತಾದರೆ ಅದು ಫ್ಯಾಂಟಸಿ.

ಹಿಟ್ನಾಳದ ಸುತ್ತಿನ ನೆಲ

ಈ ಮಾತನ್ನು ಪುಸ್ತಕಕ್ಕಿಂತ ಮೊದಲು ನೆಲದ ಮೇಲೆ ಒರೆಗೆ ಹಚ್ಚಬೇಕೆಂದರೆ ಕೊಪ್ಪಳ ಜಿಲ್ಲೆ ಒಳ್ಳೆಯ ಜಾಗ. ಹಿಟ್ನಾಳವನ್ನು ನಡುವಿಟ್ಟುಕೊಂಡು ನೋಡಿದರೆ ಒಂದು ಕಡೆ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು, ಅದರ ವಿದ್ಯುದಾಗಾರ. ಇನ್ನೊಂದು ಕಡೆ ಆನೆಗೊಂದಿಯ ಬಂಡೆಗಲ್ಲಿನ ಬೆಟ್ಟಗಳು. ಆ ಬೆಟ್ಟಸಾಲನ್ನೇ ರಾಮಾಯಣದ ಕಿಷ್ಕಿಂಧೆ ಎನ್ನುತ್ತಾರೆ. ಅಂಜನಾದ್ರಿ ಹನುಮಂತ ಹುಟ್ಟಿದ ಬೆಟ್ಟವೆಂದು ಭಕ್ತರು ಮೆಟ್ಟಿಲು ಹತ್ತುತ್ತಾರೆ. ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದ ಕೂಸಿನ ಕಥೆಯನ್ನು ಫ್ಯಾಂಟಸಿ ಎಂದು ಕರೆಯುವುದು ತಪ್ಪು. ಫ್ಯಾಂಟಸಿ ಎನ್ನಬೇಕಾದರೆ ಹೇಳುವವನಿಗೂ ಕೇಳುವವನಿಗೂ ಅದು ಕಟ್ಟಿದ ಕಥೆಯೆಂದು ಗೊತ್ತಿರಬೇಕು. ನಂಬಿಕೆಯಾಗಿ ಬದುಕಿರುವ ಪುರಾಣ ಎರಡೂ ಕವಲುಗಳ ಹೊರಗಿನದು. 2022ರ ‘ಕಾಂತಾರ’ ಚಿತ್ರವನ್ನು ದೈವದ ಕೋಲ ಕಟ್ಟುವ ಕರಾವಳಿಯ ಮನೆಯವರು ನೋಡಿದ ಬಗೆಯೂ ಹೊರನಾಡಿನ ಪ್ರೇಕ್ಷಕರು ನೋಡಿದ ಬಗೆಯೂ ಬೇರೆಯಾದದ್ದು ಇದೇ ಕಾರಣಕ್ಕೆ.

ಕೊಪ್ಪಳ ತಾಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಈ ಆಟದಲ್ಲಿ ರಾಮಾಯಣ, ಮಹಾಭಾರತಗಳೇ ಮುಖ್ಯ ವಸ್ತು. ಅಲ್ಲಿ ವಿಮಾನ ಹಾರಿದರೆ ಅದಕ್ಕೆ ಯಾವ ಇಂಧನ ಎಂದು ಯಾರೂ ಕೇಳುವುದಿಲ್ಲ. ಆದರೆ ಅದೇ ಊರಿನವರು ಅಣೆಕಟ್ಟಿನ ಗೇಟು, ಕಾಲುವೆಯ ನೀರಿನ ಸರದಿ, ಮೋಟಾರಿನ ವಿಷಯ ಬಂದಾಗ ‘ಹೇಗೆ’ ಎಂದು ಕೇಳದೆ ಬಿಡುವವರಲ್ಲ. ಒಬ್ಬನೇ ಮನುಷ್ಯ ಎರಡು ಬಗೆಯಲ್ಲಿ ಕಥೆ ಕೇಳಬಲ್ಲ. ಯಾವ ಬಗೆ ಎಂಬುದನ್ನು ಕಥೆಯೇ ಮೊದಲು ಸೂಚಿಸುತ್ತದೆ.

ಇನ್ನೂ ಸ್ಪಷ್ಟವಾದ ಉದಾಹರಣೆ ಗಂಗಾವತಿ ತಾಲೂಕಿನ ಹಿರೇಬೆಣಕಲ್. ಇಲ್ಲಿಯ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ. ಕೆಲವದರ ಗೋಡೆಗಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಬಡಿದರೆ ದೂರಕ್ಕೆ ಕೇಳುವ ದೊಡ್ಡ ಕಲ್ಲಿನ ನಗಾರಿಯೂ ಒಂದಿದೆ. ಪುರಾತತ್ತ್ವಜ್ಞರ ಪ್ರಕಾರ ಇವು ಕಬ್ಬಿಣ ಯುಗದವರು, ಸ್ಥೂಲವಾಗಿ ಕ್ರಿ.ಪೂ. 800ರಿಂದ 200ರ ನಡುವಿನ ಕಾಲದಲ್ಲಿ, ಸತ್ತವರಿಗಾಗಿ ಎತ್ತಿದ ಬೃಹತ್ ಶಿಲಾ ಸಮಾಧಿಗಳು. 2021ರಲ್ಲಿ ಈ ನೆಲೆ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಸುತ್ತಿನ ಜನ ಹೇಳುವುದೇ ಬೇರೆ: ಇವು ಮೋರ್ಯರೆಂಬ ಕುಳ್ಳ ಜನ ಬಾಳಿದ ಮನೆಗಳು, ಇದು ಮೋರ್ಯರ ಗುಡ್ಡ.

ಮೋರ್ಯರನ್ನು ಕುರಿತು ಇವತ್ತು ಒಬ್ಬ ಕಥೆ ಬರೆಯುತ್ತಾನೆ ಎಂದುಕೊಳ್ಳೋಣ. ಋಷಿಯೊಬ್ಬನ ಶಾಪದಿಂದ ಎತ್ತರದ ಜನ ಕುಳ್ಳರಾದರು, ಶಾಪ ಇಳಿಯುವವರೆಗೆ ಕಲ್ಲಿನೊಳಗೆ ಇರಬೇಕಾಯಿತು ಎಂದರೆ ಅದು ಫ್ಯಾಂಟಸಿ. ಶಾಪಕ್ಕೆ ಕಾರಣ ಅಪರಾಧ, ಇಳಿಯುವುದಕ್ಕೆ ಕಾರಣ ಪ್ರಾಯಶ್ಚಿತ್ತ. ಆ ಲೋಕ ಧರ್ಮ–ಅಧರ್ಮದ ಲೆಕ್ಕದಲ್ಲಿ ನಡೆಯುತ್ತದೆ. ಇನ್ನೊಬ್ಬ, ಮೋರ್ಯರು ಗುರುತ್ವಾಕರ್ಷಣೆ ಹೆಚ್ಚಿರುವ ಗ್ರಹದಿಂದ ಬಂದವರು, ಅದಕ್ಕೇ ಗಿಡ್ಡ, ಅದಕ್ಕೇ ಗಟ್ಟಿಮುಟ್ಟು, ಬಿಸಿಲಿನ ಯಾವುದೋ ಕಿರಣ ಅವರ ಚರ್ಮಕ್ಕೆ ಆಗದು, ಆದ್ದರಿಂದ ಕಲ್ಲಿನ ಮರೆ, ನಗಾರಿ ಸುದ್ದಿ ಮುಟ್ಟಿಸುವ ಸಾಧನ ಎಂದು ಬರೆದರೆ ಅದು ವೈಜ್ಞಾನಿಕ ಕಥೆ. ಊಹೆ ಎರಡರಲ್ಲೂ ಅಷ್ಟೇ. ಆದರೆ ಎರಡನೆಯವನು ಸಾಲಗಾರ: ಗಿಡ್ಡರು ಅಷ್ಟು ಭಾರದ ಚಪ್ಪಡಿ ಎತ್ತಿದ್ದು ಹೇಗೆ, ಆಮೇಲೆ ಏನಾದರು ಎಂಬ ಪ್ರಶ್ನೆಗಳಿಗೆ ಅವನು ಉತ್ತರ ಕೊಡಬೇಕು. ಮೊದಲನೆಯವನಿಗೆ ಆ ಹೊರೆ ಇಲ್ಲ, ಬೇರೆ ಹೊರೆ ಇದೆ. ಅವನ ಶಾಪ ನ್ಯಾಯವಾಗಿ ಕಾಣಬೇಕು. ಮೂರನೆಯವನೊಬ್ಬ ಬಂದು, ಇದು ಕಥೆಯಲ್ಲ, ಅನ್ಯಗ್ರಹದವರೇ ಇವನ್ನು ಕಟ್ಟಿದ್ದು ಎಂದು ಆಧಾರವಿಲ್ಲದೆ ಸಾಧಿಸತೊಡಗಿದರೆ ಅವನು ಎರಡೂ ಕಡೆಯವನಲ್ಲ. 1968ರಲ್ಲಿ ಎರಿಕ್ ಫಾನ್ ಡೇನಿಕೆನ್‌ನ ಪುಸ್ತಕ ಬಂದ ಮೇಲೆ ಜಗತ್ತಿನ ಹಳೆಯ ಕಲ್ಕಟ್ಟಡಗಳ ಬೆನ್ನಿಗೆ ಇಂಥ ವಾದ ಬಿದ್ದಿದೆ. ಈ ಮೂರನೆಯವನ ಕನ್ನಡನಾಡಿನ ಅವತಾರ ಮುಂದೆ ಬರುತ್ತದೆ.

ಹೊರಗಿನ ವಾದಗಳು

ಪಶ್ಚಿಮದ ವಿಮರ್ಶೆಯಲ್ಲಿ ಈ ಗಡಿಯ ಬಗ್ಗೆ ಸಾಕಷ್ಟು ಜಗಳವಾಗಿದೆ. 1865ರಲ್ಲಿ ಜೂಲ್ಸ್ ವರ್ನ್ ತನ್ನ ಚಂದ್ರಯಾತ್ರಿಕರನ್ನು ತೋಪಿನಿಂದ ಹಾರಿಸಿದ. 1901ರಲ್ಲಿ ಎಚ್.ಜಿ. ವೆಲ್ಸ್ ಗುರುತ್ವವನ್ನೇ ತಡೆಯುವ ವಸ್ತುವೊಂದನ್ನು ಕಲ್ಪಿಸಿಕೊಂಡು ಅದರ ಬಲದಿಂದ ತನ್ನವರನ್ನು ಕಳಿಸಿದ. ನಾನು ಭೌತಶಾಸ್ತ್ರ ಬಳಸಿದೆ, ಅವನು ಇಲ್ಲದ ಲೋಹ ಹುಟ್ಟಿಸಿದ ಎಂದು ವರ್ನ್ ಗೊಣಗಿದ. ಲೆಕ್ಕ ಹಾಕಿದರೆ ವರ್ನ್‌ನ ತೋಪಿನಲ್ಲಿ ಕೂತವರು ಗುಂಡು ಹಾರಿದ ಕ್ಷಣವೇ ಜಜ್ಜಿಹೋಗುತ್ತಾರೆ. ಹಾಗಾಗಿ ‘ವಿಜ್ಞಾನ ಸರಿಯಿದೆಯೇ’ ಎಂಬುದನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಹಳೆಯ ವೈಜ್ಞಾನಿಕ ಕಥೆಗಳೆಲ್ಲ ಒಂದೊಂದಾಗಿ ಫ್ಯಾಂಟಸಿಯ ಪಾಲಾಗುತ್ತವೆ. ಇದು ಒಪ್ಪತಕ್ಕದ್ದಲ್ಲ. ಇಬ್ಬರೂ ‘ಹೇಗೆ’ ಎಂಬುದಕ್ಕೆ ಬಾಯಿಬಿಟ್ಟರು, ಅದೇ ಸಾಕು.

1979ರಲ್ಲಿ ಡಾರ್ಕೊ ಸುವಿನ್ ಎಂಬ ವಿಮರ್ಶಕ, ವೈಜ್ಞಾನಿಕ ಕಥೆ ನಮ್ಮ ಲೋಕವನ್ನು ಅಪರಿಚಿತವಾಗಿಸುತ್ತದೆ, ಆದರೆ ಬುದ್ಧಿಗೆ ದಕ್ಕುವ ದಾರಿಯಲ್ಲಿ ಎಂದು ವಾದಿಸಿದ; ಒಂದು ಹೊಸ ಸಂಗತಿ ಕಥೆಯೊಳಗೆ ಬಂದು ಉಳಿದದ್ದನ್ನೆಲ್ಲ ತರ್ಕಬದ್ಧವಾಗಿ ಬದಲಿಸಬೇಕು ಎಂದ. ಆರ್ಥರ್ ಕ್ಲಾರ್ಕ್, ಬಹಳ ಮುಂದುವರಿದ ತಂತ್ರಜ್ಞಾನ ನೋಡುವವನಿಗೆ ಮಾಯೆಯಂತೆಯೇ ಕಾಣುತ್ತದೆ ಎಂಬ ಅರ್ಥದ ಮಾತನ್ನು 1973ರಲ್ಲಿ ಅಚ್ಚು ಮಾಡಿ ಗೆರೆಯನ್ನೇ ಅಳಿಸಿದಂತೆ ಮಾಡಿದ. ಅಮೆರಿಕದ ಕಥೆಗಾರ ಟೆಡ್ ಚಿಯಾಂಗ್ ಅದನ್ನು ಮತ್ತೆ ಎಳೆದ: ತಂತ್ರಜ್ಞಾನ ಯಾರ ಕೈಯಲ್ಲಾದರೂ ಕೆಲಸ ಮಾಡುತ್ತದೆ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುತ್ತದೆ, ಮಾಯೆ ಪಡೆದವನ ಯೋಗ್ಯತೆಯನ್ನು ಕೇಳುತ್ತದೆ. ನಮ್ಮ ಪುರಾಣದ ಮಾತಿನಲ್ಲಿ ಹೇಳಿದರೆ, ಭಸ್ಮಾಸುರನ ಕೈಯನ್ನು ಸಂತೆಯಲ್ಲಿ ಮಾರಲು ಬರುವುದಿಲ್ಲ. ವರ ತಪಸ್ಸು ಮಾಡಿದವನಿಗೆ ಮಾತ್ರ.

ಚಿಯಾಂಗ್‌ನ ಒರೆಗಲ್ಲಿಗೆ ಪಂಚತಂತ್ರದ ಒಂದು ಪಾಠದಲ್ಲಿ ಬರುವ ನೇಕಾರನ ಕಥೆಯನ್ನು ತಿಕ್ಕಿದರೆ ಸ್ವಾರಸ್ಯವಿದೆ. ರಾಜಕುಮಾರಿಯನ್ನು ಮೋಹಿಸಿದ ನೇಕಾರನಿಗೆ ಬಡಗಿ ಗೆಳೆಯ ಕೀಲು ತಿರುವಿದರೆ ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ಅದರ ಮೇಲೆ ಕೂತವನನ್ನು ಅರಮನೆ ವಿಷ್ಣುವೆಂದೇ ನಂಬುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೈಯಲ್ಲಿ ಮರ ದೇವರಾಗುವುದನ್ನು ನೋಡಿದವರಿಗೆ ಅರಮನೆಯವರ ನಂಬಿಕೆ ತೀರ ಪೆದ್ದುತನವೆನಿಸಲಾರದು. ಇಲ್ಲಿಯವರೆಗೆ ಇದು ಯಂತ್ರದ ಕಥೆ: ಕೀಲು ಗೊತ್ತಿದ್ದರೆ ಯಾರೂ ಹಾರಬಹುದು. ಆದರೆ ಯುದ್ಧ ಬಂದು ನೇಕಾರ ಸಾಯುವ ಹೊತ್ತಿಗೆ, ತನ್ನ ಹೆಸರಿಗೆ ಕುಂದು ಬಂದೀತೆಂದು ನಿಜವಾದ ವಿಷ್ಣುವೇ ಅವನ ಮೈಯೊಳಗೆ ಹೊಕ್ಕು ಗೆಲ್ಲಿಸುತ್ತಾನೆ. ಒಂದೇ ಕಥೆ ಗಡಿಯ ಈಚೆ ಹೊರಟು ಆಚೆ ಮುಟ್ಟುತ್ತದೆ.

ಕನ್ನಡದ ಕೃತಿಗಳು

ಕನ್ನಡ ಓದುಗರ ಅಭಿರುಚಿಯನ್ನು ರೂಪಿಸಿದ್ದರಲ್ಲಿ ಎರಡು ಬಗೆಯ ಪತ್ರಿಕೆಗಳಿವೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಆರಂಭಿಸಿದ ‘ವಿಜ್ಞಾನ’ ಎರಡು ವರ್ಷ ನಡೆದು ನಿಂತಿತು. ಆ ಸಾಲಿನ ‘ಬಾಲ ವಿಜ್ಞಾನ’ 1978ರಲ್ಲಿ ಹೊರಟಿತು. ಇನ್ನೊಂದು ಕಡೆ 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ ಬೇತಾಳ, ಮಾಂತ್ರಿಕ, ರಾಜಕುಮಾರರನ್ನು ತಲೆಮಾರುಗಳ ಮನೆಗೆ ತಂದಿತು. ವಿಜ್ಞಾನ ಪತ್ರಿಕೆಗಳು ತಿಳಿವಳಿಕೆ ಕೊಟ್ಟವು, ಕಥೆಯ ಹಸಿವನ್ನು ಚಂದಮಾಮಕ್ಕೆ ಬಿಟ್ಟುಕೊಟ್ಟವು. ಕನ್ನಡದಲ್ಲಿ ವೈಜ್ಞಾನಿಕ ಕಥೆ ತಡವಾಗಿ, ತೆಳ್ಳಗೆ ಬೆಳೆದುದಕ್ಕೆ ಈ ಹಂಚಿಕೆಯೂ ಒಂದು ಕಾರಣವೆಂದು ಕಾಣುತ್ತದೆ.

ಈ ಪ್ರಕಾರವನ್ನು ಪಟ್ಟುಹಿಡಿದು ಬರೆದವರಲ್ಲಿ ರಾಜಶೇಖರ ಭೂಸನೂರಮಠರ ಹೆಸರು ಮೊದಲು ಬರುತ್ತದೆ. ‘ಮನ್ವಂತರ’, ‘ಆಪರೇಷನ್ ಯು.ಎಫ್.ಓ.’ ಅವರ ಹೆಸರಾದ ಕೃತಿಗಳು. ಒಂದು ಶೀರ್ಷಿಕೆ ಪುರಾಣದ ಕಾಲಗಣನೆಯಿಂದ, ಇನ್ನೊಂದು ಹಾರುವ ತಟ್ಟೆಗಳ ಸುದ್ದಿಯಿಂದ ಬಂದಿದೆ. ಕನ್ನಡದ ವೈಜ್ಞಾನಿಕ ಕಥೆಗಾರ ಎರಡು ಉಗ್ರಾಣಗಳಿಂದಲೂ ಸಾಮಾನು ತಂದುಕೊಳ್ಳುತ್ತಾನೆ ಎಂಬುದು ಇಲ್ಲಿಯೇ ಕಾಣುತ್ತದೆ.

ಆದರೆ ಗಡಿಯ ಪ್ರಶ್ನೆಯನ್ನು ಚೆನ್ನಾಗಿ ಕೆದಕುವ ಕೃತಿಗಳು ಆ ಹಣೆಪಟ್ಟಿ ಹೊತ್ತವಲ್ಲ. ಗಿರೀಶ ಕಾರ್ನಾಡರ ‘ಹಯವದನ’ (1971) ನಾಟಕದಲ್ಲಿ ದೇವದತ್ತ, ಕಪಿಲ ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಅವಸರದಲ್ಲಿ ಪದ್ಮಿನಿ ಒಬ್ಬನ ತಲೆಯನ್ನು ಇನ್ನೊಬ್ಬನ ಮುಂಡಕ್ಕೆ ಇಡುತ್ತಾಳೆ. ದೇವಿ ಜೀವ ಕೊಡುತ್ತಾಳೆ. ಈಗ ಗಂಡ ಯಾರು? ನಾಟಕಕ್ಕೆ ಒಂದೇ ವರ್ಷ ಮೊದಲು, 1970ರಲ್ಲಿ, ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ವೈಟ್ ಒಂದು ಮಂಗದ ತಲೆಯನ್ನು ಇನ್ನೊಂದರ ಮುಂಡಕ್ಕೆ ಜೋಡಿಸಿದ್ದ. ಕಾಳಿಯ ಜಾಗದಲ್ಲಿ ವೈಟ್‌ನನ್ನು ನಿಲ್ಲಿಸಿದರೆ ಹಯವದನ ವೈಜ್ಞಾನಿಕ ನಾಟಕವಾಗಿಬಿಡುತ್ತದೆಯೇ? ಆಗುವುದಿಲ್ಲ. ಶಸ್ತ್ರವೈದ್ಯ ಬಂದ ಕೂಡಲೇ ನರ, ರಕ್ತನಾಳ, ನಿರೋಧಕ ಶಕ್ತಿ ಎಲ್ಲ ಬಂದು ಸಾಲುಗಟ್ಟಿ ನಿಲ್ಲುತ್ತವೆ. ತಲೆಗೆ ತಕ್ಕಂತೆ ಮೈ ಮೆಲ್ಲಗೆ ಮಾರ್ಪಡುತ್ತ ಹೋಗುವ ನಾಟಕದ ದ್ವಿತೀಯಾರ್ಧವನ್ನು ಆಮೇಲೆ ನಡೆಸುವುದು ಕಷ್ಟ. ಕಾರ್ನಾಡರಿಗೆ ಬೇಕಾದದ್ದು ಪೂರ್ಣತೆಯ ಪ್ರಶ್ನೆ. ‘ಹೇಗೆ’ ಎಂಬುದನ್ನು ನಿದ್ದೆಗಣ್ಣಿನ ಕಾಳಿಗೆ ಒಪ್ಪಿಸಿ ಅವರು ಕೈತೊಳೆದುಕೊಂಡರು. ಇದು ಜಾಣತನ, ಮತ್ತು ಫ್ಯಾಂಟಸಿಯ ನಿಜವಾದ ಉಪಯೋಗ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇದಕ್ಕೆ ಸರಿ ಎದುರು. ಮೂಡಿಗೆರೆಯ ಕಡೆಯ ಕಾಡಿನಲ್ಲಿ ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಬಿರಿಯಾನಿ ಕರಿಯಪ್ಪ ಮೊದಲಾದವರ ತಂಡ ಹಾರುವ ಓತಿಯೊಂದನ್ನು ಹುಡುಕಿ ಹೊರಡುತ್ತದೆ. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿ ಹೋಗುತ್ತದೆ. ಇದರಲ್ಲಿ ರಾಕೆಟ್ ಇಲ್ಲ, ಭವಿಷ್ಯವಿಲ್ಲ. ಹಾರುವ ಓತಿ ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಇರುವ ಪ್ರಾಣಿಯೇ. ಸಾಮಗ್ರಿಯನ್ನು ಎಣಿಸುವವರು ಈ ಕಾದಂಬರಿಯನ್ನು ವೈಜ್ಞಾನಿಕ ಎನ್ನಲು ಒಪ್ಪುವುದಿಲ್ಲ. ಆದರೆ ಕಥೆಯನ್ನು ಮುಂದೆ ನೂಕುವುದೆಲ್ಲ ‘ಹೇಗೆ’ ಎಂಬ ಪ್ರಶ್ನೆಯೇ: ಜೀವವಿಕಾಸದಲ್ಲಿ ಈ ಪ್ರಾಣಿಯ ಜಾಗ ಯಾವುದು, ಮಂದಣ್ಣ ಕಂಡದ್ದು ನಿಜವೇ, ಕಂಡೆ ಎಂಬ ಮಾತು ಯಾವಾಗ ಪುರಾವೆಯಾಗುತ್ತದೆ. ಈ ಲೇಖನದ ಒರೆಗಲ್ಲಿನಲ್ಲಿ ಕರ್ವಾಲೊ ಕನ್ನಡದ ಅತ್ಯುತ್ತಮ ವೈಜ್ಞಾನಿಕ ಕಾದಂಬರಿ. ಸಾಹಸ ಕಥೆ, ಪರಿಸರ ಕಥೆ ಎನ್ನುವವರ ಜೊತೆ ವಾದಕ್ಕೆ ಜಾಗವಿದೆ.

ಮಹಾಭಾರತ ಗಡಿಯ ಎರಡೂ ಬದಿಗೆ ಹೋಗಿ ಬಂದಿದೆ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ವರ, ಶಾಪ, ದಿವ್ಯಾಸ್ತ್ರಗಳನ್ನು ಕಳಚಿಹಾಕಿತು. ದೇವತೆಗಳು ಅಲ್ಲಿ ಹಿಮಾಲಯದ ಒಂದು ಜನಾಂಗ. ಅದ್ಭುತವನ್ನು ತೆಗೆದು ಸಮಾಜಶಾಸ್ತ್ರವನ್ನು ತುಂಬಿದ ಕಾದಂಬರಿ ಅದು. ವೈಜ್ಞಾನಿಕ ದೃಷ್ಟಿಯಿದೆ, ವೈಜ್ಞಾನಿಕ ಕಥೆಯಲ್ಲ. ‘ಮನು’ ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ ‘ಮಹಾಸಂಪರ್ಕ’ ತೀರ ಬೇರೆ ದಾರಿ ಹಿಡಿಯಿತು: ಅದ್ಭುತಗಳನ್ನು ಉಳಿಸಿಕೊಂಡು ಅವಕ್ಕೆ ಅನ್ಯಲೋಕದವರ ಸಂಪರ್ಕವನ್ನೂ ವಿಜ್ಞಾನದ ವಿವರಣೆಯನ್ನೂ ಜೋಡಿಸಿತು. ಪುರಾಣವನ್ನು ವೈಜ್ಞಾನಿಕ ಕಥೆಯಾಗಿ ಅನುವಾದಿಸುವ ಈ ಕೆಲಸದಲ್ಲಿ ಒಂದು ತೊಂದರೆ ಇದೆ. ಅಸ್ತ್ರಕ್ಕೆ ಯಂತ್ರವೆಂಬ ಹೆಸರಿಟ್ಟ ಮಾತ್ರಕ್ಕೆ ‘ಹೇಗೆ’ ತೀರುವುದಿಲ್ಲ. ಆ ಯಂತ್ರ ಇದ್ದ ಸಮಾಜದಲ್ಲಿ ಅದಿರು ಎಲ್ಲಿಂದ ಬಂತು, ಕುಲುಮೆ ಎಲ್ಲಿತ್ತು, ಯಂತ್ರವಿದ್ದೂ ರಥಕ್ಕೆ ಕುದುರೆ ಯಾಕೆ ಕಟ್ಟಿದರು ಎಂಬ ಪ್ರಶ್ನೆಗಳು ಹುಟ್ಟುತ್ತಲೇ ಇರುತ್ತವೆ. ಆದರೂ ಮನು ಬರೆದದ್ದು ಕಾದಂಬರಿ, ಕಾದಂಬರಿಯೆಂದೇ ಓದುಗರ ಕೈಗಿಟ್ಟರು.

ಭೈರಪ್ಪನವರು 2014ರಲ್ಲಿ ‘ಯಾನ’ ಬರೆದಾಗ ಹಲವರು ಹುಬ್ಬೇರಿಸಿದರು. ಸೌರಮಂಡಲದ ಆಚೆಗೆ, ಹಿಂತಿರುಗದ ಪ್ರಯಾಣಕ್ಕೆ ಗಂಡು ಹೆಣ್ಣು ಇಬ್ಬರನ್ನು ಹೊತ್ತ ನೌಕೆ ಹೊರಡುತ್ತದೆ. ನೌಕೆಯಲ್ಲಿಯೇ ಬೆಳೆದ ಮಕ್ಕಳು ಹಿರಿಯರ ಬದುಕನ್ನು ತಿಳಿದುಕೊಳ್ಳುತ್ತಾರೆ. ತಂತ್ರದ ವಿವರಕ್ಕಿಂತ ಕಾಮ, ಕುಟುಂಬ, ಧರ್ಮದ ಪ್ರಶ್ನೆಗಳೇ ಅಲ್ಲಿ ಹೆಚ್ಚು ಜಾಗ ಹಿಡಿದಿವೆ. ಆದರೆ ಆ ಪ್ರಶ್ನೆಗಳು ಹುಟ್ಟುವುದು ನೌಕೆಯ ದೆಸೆಯಿಂದ. ನೌಕೆಯನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ. ಸುವಿನ್ ಹೇಳಿದ ಹೊಸ ಸಂಗತಿ ಅಂದರೆ ಇದು.

ಶಾಸ್ತ್ರವೆಂದು ಹೇಳಿಕೊಂಡ ಕಥೆ

ಕರ್ನಾಟಕದಲ್ಲಿ ಗಡಿಯ ಪ್ರಶ್ನೆ ಅತ್ಯಂತ ತೀವ್ರವಾಗಿ ಎದುರಾದದ್ದು ಯಾವ ಕಾದಂಬರಿಯಿಂದಲೂ ಅಲ್ಲ, ‘ವೈಮಾನಿಕ ಶಾಸ್ತ್ರ’ ಎಂಬ ಸಂಸ್ಕೃತ ಗ್ರಂಥದಿಂದ. ಆನೇಕಲ್ಲಿನಲ್ಲಿ ನೆಲೆಸಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಇದನ್ನು ಬಾಯಲ್ಲಿ ಹೇಳಿ ಜಿ. ವೆಂಕಟಾಚಲ ಶರ್ಮರ ಕೈಯಲ್ಲಿ ಬರೆಸಿದರು. ಭರದ್ವಾಜ ಮಹರ್ಷಿಯ ಗ್ರಂಥ ತಮಗೆ ಒಳಗಣ್ಣಿಗೆ ಕಂಡಿತೆಂಬುದು ಅವರ ನಿಲುವು. 1923ರಲ್ಲಿ ಎಲ್ಲಪ್ಪ ಎಂಬ ಬೆಂಗಳೂರಿನ ನಕ್ಷೆಗಾರರು ಚಿತ್ರಗಳನ್ನು ಬರೆದುಕೊಟ್ಟರು: ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು. 1973ರಲ್ಲಿ ಮೈಸೂರಿನ ಜಿ.ಆರ್. ಜೋಶ್ಯರ್ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಗ್ರಂಥ ಜಗತ್ತಿಗೆಲ್ಲ ತಿಳಿಯಿತು.

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು ಅದನ್ನು ಕೂತು ಪರಿಶೀಲಿಸಿದರು. ಗ್ರಂಥ 1904ಕ್ಕಿಂತ ಹಳೆಯದಾಗಿರಲಾರದು, ಬರಹಕ್ಕೂ ಚಿತ್ರಕ್ಕೂ ಹೊಂದಾಣಿಕೆಯಿಲ್ಲ, ವರ್ಣಿಸಿದ ವಿಮಾನಗಳಲ್ಲಿ ಯಾವುದಕ್ಕೂ ಹಾರುವ ಲಕ್ಷಣವಿಲ್ಲ ಎಂದು ತೀರ್ಮಾನಿಸಿದರು. ಕರ್ನಾಟಕ ಪವಾಡದ ಜೊತೆ ಬಹಿರಂಗವಾಗಿ ವಾದಕ್ಕಿಳಿದ ದಶಕ ಅದು; 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿ ರಚಿಸಿದರು. ಆದರೂ ವೈಮಾನಿಕ ಶಾಸ್ತ್ರದ ಸುದ್ದಿ ನಿಲ್ಲಲಿಲ್ಲ. 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿಯೂ ಅದು ತಲೆಯೆತ್ತಿ ದೇಶದಲ್ಲೆಲ್ಲ ಚರ್ಚೆಯಾಯಿತು.

ವಿಮಾನಗಳ ವರ್ಣನೆ, ವಿಚಿತ್ರ ಲೋಹಗಳು, ಚಾಲಕರ ಊಟ ಉಡುಪಿನ ನಿಯಮ, ಶತ್ರುವಿಗೆ ಕಾಣದಂತೆ ಮರೆಯಾಗುವ ಉಪಾಯ: ವೈಮಾನಿಕ ಶಾಸ್ತ್ರದಲ್ಲಿ ವೈಜ್ಞಾನಿಕ ಕಥೆಗೆ ಬೇಕಾದ ಸಾಮಗ್ರಿ ಭರ್ತಿಯಾಗಿದೆ. ‘ಹೇಗೆ’ ಎಂಬುದಕ್ಕೆ ಉತ್ತರಗಳೂ ಪುಟಗಟ್ಟಲೆ ಇವೆ. ಹಾಗಾದರೆ ಅದನ್ನು ನಮ್ಮ ಮೊದಲ ವೈಜ್ಞಾನಿಕ ಕಥೆ ಎನ್ನಬಾರದೇಕೆ? ಕಥೆಯೆಂದು ಹೇಳಿಕೊಂಡಿದ್ದರೆ ಸಂತೋಷವಾಗಿ ಎನ್ನಬಹುದಿತ್ತು. ವೈಜ್ಞಾನಿಕ ಕಥೆಗಾರ ಕೊಡುವ ಉತ್ತರ ಕಥೆಯೊಳಗೆ ಚಲಾವಣೆಯಾಗುವ ನಾಣ್ಯ. ಇಲ್ಲಿ ಅದನ್ನು ಹೊರಗಿನ ಬಜಾರಿಗೆ ತಂದು ನಡೆಸಲು ಹೋದರು. ಸುಬ್ಬರಾಯ ಶಾಸ್ತ್ರಿಗಳಲ್ಲಿ ಒಬ್ಬ ದೊಡ್ಡ ಕಲ್ಪನಾಶಕ್ತಿಯ ಬರಹಗಾರನಿದ್ದ ಎಂಬುದನ್ನು ಒಪ್ಪಿಕೊಳ್ಳಲು ಅವರ ಅಭಿಮಾನಿಗಳು ತಯಾರಿಲ್ಲ. ಟೀಕಾಕಾರರಿಗೆ ಅದನ್ನು ಗಮನಿಸುವ ವ್ಯವಧಾನವಿಲ್ಲ.

ಗಡಿಯ ಮೇಲೆಯೇ ನಿಂತವು

ಫ್ರೆಂಚ್ ಸಿದ್ಧಾಂತಿ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಮೂರನೆಯ ಸ್ಥಿತಿಯೊಂದನ್ನು ಗುರುತಿಸಿದ: ನಡೆದದ್ದು ಲೌಕಿಕವೋ ಅಲೌಕಿಕವೋ ಎಂದು ಓದುಗ ಹೊಯ್ದಾಡುವಷ್ಟು ಹೊತ್ತು ಇರುವ ಸ್ಥಿತಿ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮಾತಾದದ್ದು, 1985ರಲ್ಲಿ ಚಿತ್ರವೂ ಆದದ್ದು ಈ ಹೊಯ್ದಾಟದ ಬಲದಿಂದ. ಕಾಯಿಲೆ ಬಿದ್ದ ಮಗುವಿನ ಸುತ್ತ ವೈದ್ಯದ ವಿವರಣೆಯನ್ನೂ ಮಾಟದ ವಿವರಣೆಯನ್ನೂ ಅದು ಜೊತೆಜೊತೆಗೆ ಓಡಿಸುತ್ತದೆ. ಅಂಥ ಕಾದಂಬರಿಯನ್ನು ವಿಚಾರವಾದಿಯೂ ಓದಿದ, ಭಯಸ್ಥನೂ ಓದಿದ.

ಸಿನಿಮಾದಲ್ಲಿ ಗೆರೆ ಇನ್ನಷ್ಟು ಮಸುಕು. ಉಪೇಂದ್ರ 2002ರ ‘ಹಾಲಿವುಡ್’ನಲ್ಲಿ ರೋಬೋ ಆದರು, 2012ರ ‘ಕಠಾರಿವೀರ ಸುರಸುಂದರಾಂಗಿ’ಯಲ್ಲಿ ಪರಲೋಕಕ್ಕೆ ಹೋದರು, ಎರಡೂ ಕಡೆ ನಿಯಮಗಳು ಹಾಸ್ಯಕ್ಕೆ ತಕ್ಕಂತೆ ಬಾಗುತ್ತವೆ. ಪವನ್ ಕುಮಾರರ ‘ಲೂಸಿಯಾ’ (2013) ಹೆಚ್ಚು ಗಟ್ಟಿ. ನಿದ್ದೆ ಬಾರದ ಚಿತ್ರಮಂದಿರದ ಕೆಲಸದವನಿಗೆ ಒಂದು ಗುಳಿಗೆ ಸಿಗುತ್ತದೆ. ನುಂಗಿದರೆ ಬೇಕಾದ ಕನಸು. ಗುಳಿಗೆಯ ಬದಲು ಮಂತ್ರದ ತಾಯತವಿದ್ದಿದ್ದರೂ ಕನಸು ಬೀಳುತ್ತಿತ್ತು. ಆದರೆ ಗುಳಿಗೆಗೆ ಬೆಲೆಯಿದೆ, ಮಾರುವವನಿದ್ದಾನೆ, ಅಭ್ಯಾಸವಾಗುವ ಅಪಾಯವಿದೆ, ಪೊಲೀಸರ ತನಿಖೆಯಿದೆ. ಆ ಒಂದು ಆಯ್ಕೆಯಿಂದ ಚಿತ್ರ ವೈಜ್ಞಾನಿಕ ಕಥೆಯ ಕಡೆಗೆ ವಾಲುತ್ತದೆ. ಕಾಲಪ್ರಯಾಣವನ್ನು ವಸ್ತುವಾಗಿಟ್ಟುಕೊಂಡ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ (2024) ಕೂಡ ಇದೇ ದಾರಿಯದು.

ಗ್ರಂಥಾಲಯಗಳು ಈ ಜಗಳದಿಂದ ದೂರ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಅದರ ಮುಂದೆ 3 ಸೇರಿದರೆ ಕಥೆ, ಕಾದಂಬರಿ. ‘ಯಾನ’, ‘ಕರ್ವಾಲೊ’, ‘ಮಹಾಸಂಪರ್ಕ’, ‘ಪರ್ವ’ ಎಲ್ಲ ಆ ಒಂದೇ ಸಂಖ್ಯೆಯ ಕೆಳಗೆ ಬರುತ್ತವೆ. ವೈಮಾನಿಕ ಶಾಸ್ತ್ರಕ್ಕೆ ಅಲ್ಲಿ ಜಾಗವಿಲ್ಲ, ಏಕೆಂದರೆ ಅದು ಕನ್ನಡದ್ದಲ್ಲ, ಕಥೆಯೆಂದೂ ಎಲ್ಲಿಯೂ ಹೇಳಿಕೊಂಡಿಲ್ಲ.